ಕ್ಲೌಡ್ ಸಂಗ್ರಹದ ಕಡತಗಳೂ ಗೂಢಲಿಪಿಯ ಸಾಧನಗಳೂ: ಒಂದು ಚಾರಿತ್ರಿಕ ವಿವೇಚನೆ

ಇತಿಹಾಸದ ಅಭ್ಯಾಸಿಗೆ ದಾಖಲೆಯೇ ಜೀವಾಳ. ಅದು ಎಲ್ಲಿತ್ತು, ಯಾರ ವಶದಲ್ಲಿತ್ತು, ಅದನ್ನು ತೆರೆದು ನೋಡುವ ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆಗಳನ್ನು ತಾಮ್ರಶಾಸನ, ಓಲೆಗರಿ, ಕಡತಗಳ ವಿಷಯದಲ್ಲಿ ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಆದರೆ ನಾವೇ ನಿರ್ಮಿಸಿ ಮುಂದಿನವರಿಗೆ ಬಿಟ್ಟುಹೋಗಲಿರುವ ದಾಖಲೆಗಳ ವಿಷಯದಲ್ಲಿ ಅದೇ ಪ್ರಶ್ನೆಗಳನ್ನು ಕೇಳಿಕೊಳ್ಳುವವರು ವಿರಳ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡ ಮಾತುಗಳು, ಮನೆತನದವರು ನಂಬಿ ಕೊಟ್ಟ ಪತ್ರಗಳ ಪ್ರತಿಗಳು, ಇನ್ನೂ ಪ್ರಕಟವಾಗದ ಟಿಪ್ಪಣಿಗಳು, ಇವೆಲ್ಲವೂ ಇಂದು ಪರಸ್ಥಳದ, ಅನೇಕ ವೇಳೆ ಪರದೇಶದ, ಗಣಕಯಂತ್ರಗಳಲ್ಲಿ ನೆಲಸಿವೆ. ಕ್ಲೌಡ್ ಎಂಬ ಹೆಸರು ಮೇಘವನ್ನು ನೆನಪಿಗೆ ತರುವುದಾದರೂ ಅಲ್ಲಿರುವುದು ಮೋಡವಲ್ಲ. ಬೇರೊಬ್ಬರ ಕಟ್ಟಡ, ಬೇರೊಬ್ಬರ ಯಂತ್ರ, ಬೇರೊಬ್ಬರ ನೌಕರ. ಹುಣಿಸೆಬೀಜದ ಸರಿಯನ್ನೂ ಮಸಿಯನ್ನೂ ಬಳಿದು ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕಕ್ಕೆ ನಮ್ಮ ಹಿರಿಯರು ಇಟ್ಟಿದ್ದ ‘ಕಡತ’ವೆಂಬ ಹೆಸರನ್ನೇ ಗಣಕದ ಬರಹಕ್ಕೂ ನಾವು ಸಲ್ಲಿಸಿದ್ದೇವೆ. ಆ ಕಡತಕ್ಕೆ ಇದ್ದ ಪೆಟ್ಟಿಗೆ ಮತ್ತು ಬೀಗಗಳು ಈ ಕಡತಕ್ಕೆ ಯಾವುವು ಎಂಬುದು ಪ್ರಕೃತ ಪ್ರಬಂಧದ ವಿಷಯ.

ವಿಷಯದ ಗೌರವವನ್ನು ಮನಗಾಣಿಸಲು ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ. ಅಮೆರಿಕದ ಬಾಸ್ಟನ್ ಕಾಲೇಜು ೨೦೦೧ರಿಂದ ೨೦೦೬ರವರೆಗೆ ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘರ್ಷದಲ್ಲಿ ಪಾಲುಗೊಂಡಿದ್ದವರ ಬಾಯಿಮಾತಿನ ಚರಿತ್ರೆಯನ್ನು ಸಂಗ್ರಹಿಸಿತು. ಎಡ್ ಮೊಲೊನಿ ಎಂಬ ಪತ್ರಕರ್ತರು ಇದರ ನಿರ್ದೇಶಕರು. ತಾವು ಬದುಕಿರುವವರೆಗೆ ತಮ್ಮ ಮಾತು ಹೊರಬೀಳದು ಎಂಬ ಭರವಸೆಯ ಮೇಲೆ ಆ ಜನ ಮಾತಾಡಿದರು. ಧ್ವನಿಸುರುಳಿಗಳು ಕಾಲೇಜಿನ ಗ್ರಂಥಾಲಯದಲ್ಲಿ ಭದ್ರವಾಗಿದ್ದುವು. ೧೯೭೨ರಲ್ಲಿ ಅಪಹೃತಳಾಗಿ ಕೊಲೆಗೀಡಾದ ಜೀನ್ ಮೆಕಾನ್‌ವಿಲ್ ಎಂಬ ಹತ್ತು ಮಕ್ಕಳ ತಾಯಿಯ ಪ್ರಕರಣದ ತನಿಖೆಗಾಗಿ ಬ್ರಿಟಿಷ್ ಅಧಿಕಾರಿಗಳ ಕೋರಿಕೆಯಂತೆ ೨೦೧೧ರ ಮೇ ತಿಂಗಳಲ್ಲಿ ಅಮೆರಿಕದ ಸರಕಾರ ಆ ಸುರುಳಿಗಳನ್ನು ಒಪ್ಪಿಸುವಂತೆ ಆಜ್ಞಾಪತ್ರ ಕಳುಹಿಸಿತು. ಎರಡು ವರ್ಷಗಳ ವ್ಯಾಜ್ಯದ ತರುವಾಯ ೨೦೧೩ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಒಪ್ಪಿಸಬೇಕಾದ ಸಂದರ್ಶನಗಳನ್ನು ೮೫ರಿಂದ ೧೧ಕ್ಕೆ ಇಳಿಸಿತು. ಆದರೆ ಭರವಸೆಯಂತೂ ಮುರಿದುಬಿದ್ದಿತು. ಅಮೆರಿಕದ ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ ಎಂಬ ಮಿತಿಯು ನಿರ್ದೇಶಕರ ಒಪ್ಪಂದದಲ್ಲಿತ್ತೇ ಹೊರತು ಮಾತಾಡಿದವರು ಸಹಿ ಹಾಕಿದ ಪತ್ರದಲ್ಲಿರಲಿಲ್ಲ. ಒಂದು ಕಡೆ ಕೊಟ್ಟ ಮಾತು, ಮತ್ತೊಂದು ಕಡೆ ತಾಯಿಯನ್ನು ಕಳೆದುಕೊಂಡ ಮಕ್ಕಳ ನ್ಯಾಯಾಕಾಂಕ್ಷೆ; ಇವೆರಡರಲ್ಲಿ ಯಾವುದು ಹಿರಿದೆಂದು ತೀರ್ಪು ಕೊಡಲು ಈ ಲೇಖಕನು ಸಿದ್ಧನಿಲ್ಲ. ಬೀಗದ ಕೈ ಯಾರ ಬಳಿ ಇದೆಯೋ ಅವರಿಗೇ ಆಜ್ಞೆ ಬರುತ್ತದೆ ಎಂಬ ಸಂಗತಿ ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ. ಮುಂದಿನ ವಿವೇಚನೆಯಲ್ಲಿ ಈ ಸಂಗತಿ ಮತ್ತೆ ಮತ್ತೆ ಎದುರಾಗಲಿದೆ.

ಗೂಢಲಿಪಿಯ ವಿದ್ಯೆ ನಮಗೆ ಹೊಸದೇನಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ೧೯೦೫ರಲ್ಲಿ ಬಂದು, ಆರ್. ಶಾಮಾಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗೂಢಚಾರರು ವಾರ್ತೆಯನ್ನು ಸಾಗಿಸಲು ಸಂಜ್ಞಾಲಿಪಿಯನ್ನು ಬಳಸಬೇಕೆಂಬ ವಿಧಿಯುಂಟು. ಆದರೆ ಪ್ರಾಚೀನರ ಪದ್ಧತಿಗಳಲ್ಲಿ ಸಾಮಾನ್ಯವಾಗಿ ರಹಸ್ಯವಿದ್ದುದು ಲಿಪಿಯ ಕ್ರಮದಲ್ಲಿಯೇ. ಕ್ರಮ ತಿಳಿದೊಡನೆ ಎಲ್ಲವೂ ತಿಳಿದಂತೆ. ಇದಕ್ಕೆ ಪ್ರತಿಯಾದ ತತ್ತ್ವವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದವರು ಪ್ಯಾರಿಸಿನಲ್ಲಿ ಅಧ್ಯಾಪಕರಾಗಿದ್ದ ಡಚ್ ವಿದ್ವಾಂಸ ಆಗುಸ್ತ್ ಕೆರ್ಕಾಫ್ಸ್. ಫ್ರೆಂಚ್ ಸೈನಿಕ ಪತ್ರಿಕೆಯೊಂದರಲ್ಲಿ ೧೮೮೩ರಲ್ಲಿ ಪ್ರಕಟವಾದ ಅವರ ಲೇಖನದ ಸಾರವಿಷ್ಟು: ಗೂಢಲಿಪಿಯ ಯಂತ್ರ ಶತ್ರುವಿನ ಕೈಗೆ ಸಿಕ್ಕಿದರೂ ಹಾನಿಯಾಗಕೂಡದು; ರಹಸ್ಯವೆಲ್ಲ ಕೀಲಿಕೈಯಲ್ಲಿರಬೇಕು. ಬೀಗ ಮಾಡುವ ಕಮ್ಮಾರನಿಗೆ ಬೀಗದ ಒಳಗುಟ್ಟು ಗೊತ್ತಿದ್ದರೂ ನಮ್ಮ ಮನೆಯ ಬಾಗಿಲು ಅವನಿಗೆ ತೆರೆಯದಿರುವಂತೆ. ಇಂದು ಸಾಧನವೊಂದರ ಸೋರ್ಸ್ ಕೋಡ್ ಬಹಿರಂಗವಾಗಿರಬೇಕೆಂದು ಪರಿಣತರು ಒತ್ತಾಯಿಸುವುದು ಈ ತತ್ತ್ವದ ಮುಂದುವರಿಕೆಯೇ ಆಗಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ತತ್ತ್ವಕ್ಕೆ ಎರಡು ದೊಡ್ಡ ಪರೀಕ್ಷೆಗಳಾದುವು. ಮೊದಲನೆಯದು ಡಿಇಎಸ್ ಎಂಬ ಅಮೆರಿಕದ ಸರಕಾರಿ ಮಾನಕ. ಐಬಿಎಂ ಸಂಸ್ಥೆಯ ಹಾರ್ಸ್ಟ್ ಫೈಸ್ಟೆಲ್ ರೂಪಿಸಿದ ಲೂಸಿಫರ್ ಎಂಬ ಕ್ರಮದಿಂದ ಬೆಳೆದು ೧೯೭೭ರಲ್ಲಿ ಇದು ಅಂಗೀಕೃತವಾಯಿತು. ಲೂಸಿಫರಿನಲ್ಲಿ ೧೨೮ ಬಿಟ್‌ಗಳಷ್ಟಿದ್ದ ಕೀಲಿಕೈ ಡಿಇಎಸ್‌ನಲ್ಲಿ ೫೬ಕ್ಕೆ ಇಳಿದಿತ್ತು. ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕೈವಾಡವೂ ರಚನೆಯಲ್ಲಿತ್ತು. ಆ ಕೈವಾಡವು ಒಂದು ಬಗೆಯ ಆಕ್ರಮಣದ ವಿರುದ್ಧ ಕ್ರಮವನ್ನು ಬಲಪಡಿಸಿತ್ತೆಂಬುದು ೧೯೯೦ರ ದಶಕದಲ್ಲಿ ಬೆಳಕಿಗೆ ಬಂದಿತು. ಬಲಪಡಿಸಿದ ಬೀಗ, ಆದರೆ ಗಿಡ್ಡ ಕೀಲಿಕೈ, ವಿಚಿತ್ರವೇ ಸರಿ. ೫೬ ಬಿಟ್‌ಗಳೆಂದರೆ ಸುಮಾರು ೭೨ ಸಾವಿರ ಲಕ್ಷ ಕೋಟಿ ಕೀಲಿಕೈಗಳು. ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಎರಡೂವರೆ ಲಕ್ಷ ಡಾಲರಿಗೂ ಕಡಮೆ ವೆಚ್ಚದಲ್ಲಿ ಕಟ್ಟಿದ ಯಂತ್ರವೊಂದು ೧೯೯೮ರ ಜುಲೈ ತಿಂಗಳಲ್ಲಿ ೫೬ ಗಂಟೆಗಳೊಳಗೆ ಸರಿಯಾದುದನ್ನು ಹುಡುಕಿ ತೆಗೆಯಿತು. ಎರಡನೆಯ ಪರೀಕ್ಷೆಯಾದ ಎಇಎಸ್‌ನ ಆಯ್ಕೆ ಇದಕ್ಕೆ ತದ್ವಿರುದ್ಧವಾಗಿ ಬಯಲಿನಲ್ಲಿ ನಡೆಯಿತು. ೧೯೯೭ರಲ್ಲಿ ಆಹ್ವಾನ ಹೊರಟು, ೧೫ ಕ್ರಮಗಳು ಸ್ಪರ್ಧೆಗೆ ಬಂದು, ಲೋಕದ ವಿದ್ವಾಂಸರೆಲ್ಲ ಅವುಗಳನ್ನು ಮುರಿಯಲು ಯತ್ನಿಸಿ, ೨೦೦೦ದ ಅಕ್ಟೋಬರ್ ೨ರಂದು ಬೆಲ್ಜಿಯಂ ದೇಶದ ಜೋಆನ್ ಡೇಮೆನ್ ಮತ್ತು ವಿನ್ಸೆಂಟ್ ರೈಮೆನ್ ಅವರ ಕ್ರಮವು ಆಯ್ಕೆಯಾಯಿತು. ೨೦೦೧ರಲ್ಲಿ ಮಾನಕವಾದ ಈ ಕ್ರಮವನ್ನು ಸಂಪೂರ್ಣವಾಗಿ ಭೇದಿಸಿದವರು ಇಲ್ಲ. ಆದುದರಿಂದ ಇಂದು ಸಾಧನವನ್ನು ಆರಿಸುವವನು ಎಇಎಸ್ ಇದೆಯೇ ಎಂದು ಕೇಳಿ ತೃಪ್ತನಾದರೆ ಅವನು ಏನನ್ನೂ ಕೇಳಿದಂತಾಗಲಿಲ್ಲ. ಹೆಚ್ಚು ಕಡಮೆ ಎಲ್ಲವುಗಳಲ್ಲಿಯೂ ಅದು ಇದ್ದೇ ಇರುತ್ತದೆ. ವಿನಾಶದ ಬೀಜಗಳಿರುವುದು ಬೇರೆಡೆಯಲ್ಲಿ.

ಪರರ ಯಂತ್ರದಲ್ಲಿ ನಮ್ಮ ಕಡತವನ್ನಿಟ್ಟು, ಆ ಯಂತ್ರದ ಒಡೆಯನನ್ನು ನಂಬದೆ ಇರುವುದು ಹೇಗೆ ಎಂಬ ಪ್ರಶ್ನೆ ಕ್ಲೌಡ್ ಎಂಬ ಹೆಸರಿಗಿಂತ ಹಳೆಯದು. ಬೆಲ್ ಪ್ರಯೋಗಾಲಯದಲ್ಲಿದ್ದ ಮ್ಯಾಟ್ ಬ್ಲೇಜ್ ೧೯೯೩ರಲ್ಲಿ ಯುನಿಕ್ಸ್ ಗಣಕಗಳಿಗಾಗಿ ಸಿಎಫ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಕಡತವು ಬಳಕೆದಾರನ ಗಣಕದಲ್ಲಿಯೇ ಗೂಢಲಿಪಿಗೆ ತಿರುಗಿ, ಅನಂತರ ದೂರದ ಸರ್ವರಿಗೆ ಹೋಗುತ್ತಿತ್ತು. ಸರ್ವರಿನ ಮೇಲ್ವಿಚಾರಕನು ಕಾಣುತ್ತಿದ್ದುದು ಅರ್ಥವಿಲ್ಲದ ಅಕ್ಷರರಾಶಿಯನ್ನು ಮಾತ್ರ. ಇಂದಿನ ಸಾಧನಗಳ ಮೂಲವಿನ್ಯಾಸ ಇದರಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಾಗದು. ಅದಕ್ಕೂ ಎರಡು ವರ್ಷ ಮೊದಲು ಫಿಲ್ ಝಿಮರ್‌ಮನ್ ಪಿಜಿಪಿ ಎಂಬ ತಂತ್ರಾಂಶವನ್ನು ಹೊರತಂದು, ಗೂಢಲಿಪಿಯನ್ನು ಅಕ್ರಮವಾಗಿ ರಫ್ತು ಮಾಡಿದರೆಂಬ ಅನುಮಾನದ ಮೇಲೆ ತನಿಖೆಗೆ ಗುರಿಯಾದರು. ೧೯೯೬ರ ಜನವರಿಯಲ್ಲಿ ತನಿಖೆ ನಿಂತಿತು. ಆ ಕಾಲದಲ್ಲಿ ಗೂಢಲಿಪಿಯನ್ನು ಅಮೆರಿಕದ ಕಾನೂನು ಯುದ್ಧೋಪಕರಣಗಳ ಪಟ್ಟಿಯಲ್ಲಿ ಸೇರಿಸಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ನಂಬಲಾರರು.

ಅಮೆಜಾನ್ ಸಂಸ್ಥೆಯ ಎಸ್ ತ್ರೀ ಸೇವೆ ೨೦೦೬ರ ಮಾರ್ಚ್ ತಿಂಗಳಲ್ಲಿಯೂ, ಡ್ರಾಪ್‌ಬಾಕ್ಸ್ ೨೦೦೮ರಲ್ಲಿಯೂ, ಗೂಗಲ್ ಡ್ರೈವ್ ೨೦೧೨ರಲ್ಲಿಯೂ ಸಾರ್ವಜನಿಕರಿಗೆ ತೆರೆದುವು. ಇವುಗಳ ಸೌಕರ್ಯವನ್ನು ಕುರಿತು ಹೇಳಬೇಕಾದುದಿಲ್ಲ. ಆದರೆ ಆರ್ಥಿಕ ಕಾರಣವೊಂದು ಗೂಢಲಿಪಿಗೆ ನೇರವಾಗಿ ಅಡ್ಡಬರುತ್ತಿತ್ತೆಂಬುದನ್ನು ಗಮನಿಸಬೇಕು. ಒಂದೇ ಪುಸ್ತಕವನ್ನು ಸಾವಿರ ಮಂದಿ ಇರಿಸಿದರೆ ಸಂಸ್ಥೆಯು ಸಾವಿರ ಪ್ರತಿಗಳನ್ನಿಡುವುದಿಲ್ಲ. ಒಂದನ್ನಿಟ್ಟು ಉಳಿದವರಿಗೆಲ್ಲ ಅದನ್ನೇ ತೋರಿಸುತ್ತದೆ. ಹೀಗೆ ಮಾಡಲು ಎರಡು ಕಡತಗಳು ಒಂದೇ ಎಂದು ಅದಕ್ಕೆ ತಿಳಿಯಬೇಕು. ಸಾವಿರ ಮಂದಿ ಸಾವಿರ ಬೇರೆ ಬೇರೆ ಕೀಲಿಕೈಗಳಿಂದ ಮುಚ್ಚಿಟ್ಟರೆ ಅದು ತಿಳಿಯುವಂತಿಲ್ಲ, ಉಳಿತಾಯವೂ ಆಗುವಂತಿಲ್ಲ. ಡ್ರಾಪ್‌ಬಾಕ್ಸಿನಲ್ಲಿ ನಡೆಯುತ್ತಿದ್ದ ಈ ಉಳಿತಾಯವನ್ನು ಕಂಡು, ಕೀಲಿಕೈ ಸಂಸ್ಥೆಯ ಬಳಿಯೇ ಇದೆಯೆಂದು ಕ್ರಿಸ್ಟೊಫರ್ ಸೊಘೋಯನ್ ಎಂಬ ಸಂಶೋಧಕರು ೨೦೧೧ರಲ್ಲಿ ತರ್ಕಿಸಿದರು. ನೌಕರರಿಗೆ ಬಳಕೆದಾರರ ಕಡತಗಳನ್ನು ನೋಡಲು ಸಾಧ್ಯವಿಲ್ಲ ಎಂಬರ್ಥದ ಸಂಸ್ಥೆಯ ಹೇಳಿಕೆ ಆ ವರ್ಷವೇ ಬದಲಾಗಿ, ನೋಡಲು ನಿಷೇಧವಿದೆ ಎಂಬರ್ಥವನ್ನು ತಾಳಿತು. ಅಸಾಧ್ಯಕ್ಕೂ ನಿಷಿದ್ಧಕ್ಕೂ ಇರುವ ಅಂತರವನ್ನು ಶಬ್ದಾರ್ಥದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಅದೇ ವರ್ಷ ಜೂನ್ ೧೯ರಂದು, ತಂತ್ರಾಂಶದ ತಿದ್ದುಪಡಿಯೊಂದರಲ್ಲಿ ನುಸುಳಿದ ದೋಷದ ಫಲವಾಗಿ, ಸುಮಾರು ನಾಲ್ಕು ಗಂಟೆಗಳ ಕಾಲ ಯಾವ ಪಾಸ್‌ವರ್ಡ್ ಕೊಟ್ಟರೂ ಯಾರ ಖಾತೆಯಾದರೂ ತೆರೆಯುವ ಸ್ಥಿತಿಯುಂಟಾಯಿತು. ಆ ನಾಲ್ಕು ಗಂಟೆಗಳಲ್ಲಿಯೂ ಸರ್ವರಿನಲ್ಲಿದ್ದ ಕಡತಗಳು ಎಇಎಸ್ ಕ್ರಮದಲ್ಲಿಯೇ ಮುಚ್ಚಿದ್ದುವು! ಮುಚ್ಚಿದವನೂ ತೆರೆಯುವವನೂ ಸಂಸ್ಥೆಯೇ ಆಗಿರುವಾಗ ಆ ಮುಚ್ಚಿಗೆಯು ಗೋಡೌನಿನ ಕಳ್ಳನನ್ನು ತಡೆಯಬಹುದು. ಸಂಸ್ಥೆಯ ತಪ್ಪನ್ನಾಗಲಿ ಸಂಸ್ಥೆಗೆ ಬರುವ ಆಜ್ಞೆಯನ್ನಾಗಲಿ ತಡೆಯಲಾರದು.

ಎರಡು ವರ್ಷಗಳ ತರುವಾಯ, ೨೦೧೩ರ ಜೂನ್ ತಿಂಗಳಲ್ಲಿ, ಎಡ್ವರ್ಡ್ ಸ್ನೋಡೆನ್ ಬಯಲುಮಾಡಿದ ಪತ್ರಗಳಿಂದ ಅಮೆರಿಕದ ಭದ್ರತಾ ಸಂಸ್ಥೆಯು ದೊಡ್ಡ ಸಂಸ್ಥೆಗಳಿಂದ ಮಾಹಿತಿಯನ್ನು ಪಡೆಯುತ್ತಿದ್ದ ಬಗೆ ಜಗತ್ತಿಗೆ ತಿಳಿಯಿತು. ಗೂಗಲ್, ಯಾಹೂ ಸಂಸ್ಥೆಗಳ ಕೇಂದ್ರಗಳ ನಡುವಣ ತಂತಿಗಳಿಂದಲೇ ಮಾಹಿತಿಯನ್ನು ಎತ್ತಿಕೊಳ್ಳಲಾಗುತ್ತಿತ್ತೆಂಬ ವರದಿಯೂ ಆ ಅಕ್ಟೋಬರಿನಲ್ಲಿ ಬಂದಿತು. ಅದುವರೆಗೆ ಕೆಲವೇ ಮಂದಿಯ ಹವ್ಯಾಸವಾಗಿದ್ದ ಗೂಢಲಿಪಿಯ ಸಾಧನಗಳು ವಕೀಲರು, ಪತ್ರಕರ್ತರು, ಸಂಶೋಧಕರ ನಿತ್ಯದ ಅವಶ್ಯಕತೆಯಾದುವು. ಆಗ ಎಲ್ಲರ ಬಾಯಲ್ಲಿಯೂ ಇದ್ದ ಹೆಸರು ಟ್ರೂಕ್ರಿಪ್ಟ್.

ಟ್ರೂಕ್ರಿಪ್ಟಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಸಾಧನವೊಂದರ ಜೀವಮಾನವನ್ನು ಕುರಿತು ಇದಕ್ಕಿಂತ ಬೋಧಪ್ರದವಾದ ಉದಾಹರಣೆ ದೊರೆಯದು. ಪಾಲ್ ಲ ರೂ ಎಂಬಾತ ೧೯೯೭ರಲ್ಲಿ ಪ್ರಕಟಿಸಿದ ಇಫೋರ್‌ಎಮ್ ಎಂಬ ತಂತ್ರಾಂಶವನ್ನು ತಳಹದಿಯಾಗಿರಿಸಿಕೊಂಡು ೨೦೦೪ರ ಫೆಬ್ರವರಿಯಲ್ಲಿ ಇದು ಹೊರಬಂದಿತು. ಕರ್ತೃಗಳು ಕೊನೆಯವರೆಗೂ ಅನಾಮಧೇಯರಾಗಿಯೇ ಉಳಿದರು. ಇದು ನಿರ್ಮಿಸುತ್ತಿದ್ದುದು ಒಂದು ದೊಡ್ಡ ಪೆಟ್ಟಿಗೆಯನ್ನು. ಹೊರಗಿನಿಂದ ಅದು ಒಂದೇ ಕಡತ, ಒಳಗೆ ನೂರಾರು. ಹಣವಿಲ್ಲದೆ ದೊರೆಯುತ್ತಿತ್ತು, ಸೋರ್ಸ್ ಕೋಡ್ ಬಹಿರಂಗವಾಗಿತ್ತು, ಲಕ್ಷಾಂತರ ಜನ ನಂಬಿದ್ದರು. ಆದರೆ ಆ ಕೋಡನ್ನು ಯಾರಾದರೂ ಕ್ರಮವಾಗಿ ಓದಿದ್ದಾರೆಯೇ ಎಂದು ಕೇಳಿದರೆ ಉತ್ತರವಿರಲಿಲ್ಲ. ಮ್ಯಾಥ್ಯೂ ಗ್ರೀನ್ ಮತ್ತು ಕೆನೆತ್ ವೈಟ್ ೨೦೧೩ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಿ ಪರಿಶೋಧನೆಯನ್ನು ಆರಂಭಿಸಿದರು. ಮೊದಲ ಹಂತದ ವರದಿ ೨೦೧೪ರ ಏಪ್ರಿಲಿನಲ್ಲಿ ಬಂದಿತು. ಉದ್ದೇಶಪೂರ್ವಕವಾದ ಕಳ್ಳಬಾಗಿಲು ಕಾಣಲಿಲ್ಲ. ಇನ್ನೊಂದು ಹಂತ ಬಾಕಿಯಿರುವಾಗಲೇ, ಮೇ ೨೮ರಂದು, ತಂತ್ರಾಂಶದ ತಾಣದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಂಡಿತು. ಟ್ರೂಕ್ರಿಪ್ಟ್ ಸುರಕ್ಷಿತವಲ್ಲ, ಸರಿಪಡಿಸದ ದೋಷಗಳಿರಬಹುದು, ಮೈಕ್ರೋಸಾಫ್ಟಿನ ಬಿಟ್‌ಲಾಕರಿಗೆ ವರ್ಗಾಯಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತುದರಿಂದ ಕೆಲಸವನ್ನು ಮುಗಿಸಲಾಗಿದೆಯೆಂದು ಹೇಳಿದ್ದರು. ಈ ಕಾರಣವನ್ನು ಹೆಚ್ಚು ಮಂದಿ ನಂಬಲಿಲ್ಲ. ಒತ್ತಡ ಬಂದಿತೇ, ಬೇಸರವಾಯಿತೇ ಎಂಬ ಊಹಾಪೋಹಗಳು ಇಂದಿಗೂ ನಿಂತಿಲ್ಲ. ಆಧಾರವಿಲ್ಲದ ಕಡೆ ಚರಿತ್ರಕಾರನು ಊಹೆಗೆ ಕೈಹಾಕಬಾರದು.

ಬಳಕೆದಾರರ ಕಷ್ಟವಾದರೋ ಊಹೆಯದಾಗಿರಲಿಲ್ಲ. ಸಾಧನ ಸತ್ತಿದೆ, ಪೆಟ್ಟಿಗೆಗಳು ಉಳಿದಿವೆ, ಅಪ್ಪಣೆ ಮಾತ್ರ ಬಿಟ್ಟುಬಿಡಿರೆಂದು. ಪರಿಶೋಧನೆ ನಿಲ್ಲಲಿಲ್ಲವೆಂಬುದು ಸಮಾಧಾನದ ಸಂಗತಿ. ಎನ್‌ಸಿಸಿ ಸಂಸ್ಥೆಯವರು ೨೦೧೫ರ ಏಪ್ರಿಲಿನಲ್ಲಿ ಕೊಟ್ಟ ಎರಡನೆಯ ವರದಿಯೂ ಕಳ್ಳಬಾಗಿಲಿಲ್ಲವೆಂದೇ ಹೇಳಿ, ವಿಂಡೋಸಿನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆಯುವ ಕ್ರಮದಲ್ಲಿ ದೋಷವಿರುವುದನ್ನು ತೋರಿಸಿತು. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆಯ ಜೇಮ್ಸ್ ಫಾರ್‌ಷಾ ಆ ತಂತ್ರಾಂಶದ ಬೇರೊಂದು ಭಾಗದಲ್ಲಿ, ಎಂದರೆ ವಿಂಡೋಸಿಗೆ ಅದನ್ನು ಜೋಡಿಸುವ ಚಾಲಕದಲ್ಲಿ, ಗಂಭೀರ ದೋಷಗಳನ್ನು ಕಂಡುಹಿಡಿದರು. ಎರಡು ಪರಿಶೋಧನೆಗಳ ಕಣ್ಣಿಗೂ ಅವು ಬಿದ್ದಿರಲಿಲ್ಲ. ಪರಿಶೋಧನೆಯಾಗಿದೆ ಎಂಬ ಮಾತನ್ನು ಇಂದು ಜಾಹೀರಾತುಗಳಲ್ಲಿ ಓದುವಾಗ, ಯಾವ ಭಾಗದ್ದು, ಯಾವ ವರ್ಷದ್ದು, ಯಾರು ಮಾಡಿದ್ದು ಎಂದು ಕೇಳುವುದನ್ನು ಈ ಪ್ರಸಂಗ ನಮಗೆ ಕಲಿಸಬೇಕು. ಅಷ್ಟರಲ್ಲಿ ಮುನೀರ್ ಇದ್ರಾಸಿ ಎಂಬುವರು ೨೦೧೩ರಿಂದಲೇ ಟ್ರೂಕ್ರಿಪ್ಟಿನ ಕೋಡಿನಿಂದ ಕವಲೊಡೆಸಿದ್ದ ವೆರಾಕ್ರಿಪ್ಟ್ ಬೆಳೆದಿತ್ತು. ಫಾರ್‌ಷಾ ಕಂಡ ದೋಷಗಳನ್ನು ಅದು ತಿದ್ದಿಕೊಂಡಿತು. ಪಾಸ್‌ವರ್ಡಿನಿಂದ ಕೀಲಿಕೈಯನ್ನು ಹುಟ್ಟಿಸುವಾಗ ಟ್ರೂಕ್ರಿಪ್ಟ್ ಸಾವಿರ, ಎರಡು ಸಾವಿರ ಆವೃತ್ತಿಗಳ ಲೆಕ್ಕವನ್ನು ನಡೆಸುತ್ತಿದ್ದರೆ, ವೆರಾಕ್ರಿಪ್ಟ್ ಅದನ್ನು ಲಕ್ಷಗಳಿಗೆ ಏರಿಸಿತು. ಊಹಿಸಿ ನೋಡುವ ಕಳ್ಳನಿಗೆ ಪ್ರತಿಯೊಂದು ಊಹೆಯೂ ಅಷ್ಟರಮಟ್ಟಿಗೆ ದುಬಾರಿಯಾಯಿತು.

ಆದರೂ ಪೆಟ್ಟಿಗೆಯ ಪದ್ಧತಿ ಕ್ಲೌಡಿಗೆ ಹೊಂದುವಂತಹದಲ್ಲ. ಅದು ಮೇಜಿನ ಮೇಲಿನ ಗಣಕಕ್ಕಾಗಿ, ಕಿಸೆಯಲ್ಲಿ ಕಳೆದುಹೋಗಬಹುದಾದ ಡಿಸ್ಕಿಗಾಗಿ ಹುಟ್ಟಿದ್ದು. ಟ್ರೂಕ್ರಿಪ್ಟ್ ತನ್ನ ಪೆಟ್ಟಿಗೆಯ ಮೇಲಿನ ದಿನಾಂಕವನ್ನು ಬದಲಾಗದಂತೆ ಕಾಯುತ್ತಿದ್ದುದರಿಂದ, ಒಳಗೆ ಬದಲಾವಣೆಯಾದರೂ ಕ್ಲೌಡಿನ ತಂತ್ರಾಂಶಕ್ಕೆ ಅದರ ಸುಳಿವು ಹತ್ತದೆ ಹೊಸ ಪ್ರತಿ ಮೇಲೇರದೆ ಉಳಿಯುವ ತೊಡಕಿತ್ತು. ಇಬ್ಬರು ಏಕಕಾಲದಲ್ಲಿ ಎರಡು ಗಣಕಗಳಿಂದ ಪೆಟ್ಟಿಗೆಯನ್ನು ತೆರೆದರಂತೂ ಒಬ್ಬರ ಕೆಲಸ ಇನ್ನೊಬ್ಬರದನ್ನು ಮುಳುಗಿಸುವುದು ಖಂಡಿತ. ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೂ ಒಂದುಂಟು. ಕ್ಲೌಡ್ ಸಂಸ್ಥೆಗಳು ಕಡತದ ಹಳೆಯ ಪ್ರತಿಗಳನ್ನೂ ಕೂಡಿಡುತ್ತವೆ. ಒಂದೇ ಪೆಟ್ಟಿಗೆಯ ಹತ್ತಾರು ಪ್ರತಿಗಳು ದೊರೆತವನಿಗೆ ಯಾವ ಭಾಗ ಯಾವಾಗ ಬದಲಾಯಿತೆಂಬುದು ಕೀಲಿಕೈಯಿಲ್ಲದೆಯೇ ತಿಳಿಯುತ್ತದೆ.

ಈ ಕೊನೆಯ ಮಾತು ಎನ್‌ಸಿಎಫ್‌ಎಸ್, ಎಂದರೆ ವೇಲಿಯಂಟ್ ಗಾಫ್ ೨೦೦೩ರಲ್ಲಿ ಪ್ರಕಟಿಸಿದ ತಂತ್ರಾಂಶದ ವಿಷಯದಲ್ಲಿ ಇನ್ನೂ ಕಠಿಣವಾಗಿ ಸಲ್ಲುತ್ತದೆ. ಒಂದೊಂದು ಕಡತವನ್ನೂ ಬೇರೆ ಬೇರೆಯಾಗಿ ಮುಚ್ಚುವ ಈ ಪದ್ಧತಿ ಕ್ಲೌಡಿಗೆ ಹೇಳಿಮಾಡಿಸಿದಂತೆ ತೋರಿತು. ಲಿನಕ್ಸ್ ಬಳಕೆದಾರರು ಅದನ್ನು ಡ್ರಾಪ್‌ಬಾಕ್ಸಿನೊಳಗೆ ಧಾರಾಳವಾಗಿ ಬಳಸಿದರು. ೨೦೧೪ರ ಜನವರಿಯಲ್ಲಿ ಟೇಲರ್ ಹಾರ್ನ್‌ಬಿ ಅದನ್ನು ಪರಿಶೋಧಿಸಿ ಕೊಟ್ಟ ಅಭಿಪ್ರಾಯ ಹೀಗಿದೆ: ಶತ್ರುವಿಗೆ ಗೂಢಲಿಪಿಯ ಒಂದೇ ಪ್ರತಿ ಒಮ್ಮೆ ಮಾತ್ರ ದೊರೆತರೆ ಸಾಧನ ಬಹುಶಃ ಸುರಕ್ಷಿತ, ಬೇರೆ ಬೇರೆ ಕಾಲದ ಎರಡು ಅಥವಾ ಹೆಚ್ಚು ಪ್ರತಿಗಳು ದೊರೆತರೆ ಸುರಕ್ಷಿತವಲ್ಲ. ಕ್ಲೌಡ್ ಸಂಗ್ರಹವೆಂದರೆ ಬೇರೆ ಬೇರೆ ಕಾಲದ ಪ್ರತಿಗಳ ಸಂಗ್ರಹವೇ ಅಲ್ಲವೆ? ಯಾವ ಉದ್ದೇಶಕ್ಕಾಗಿ ಜನ ಆ ಸಾಧನವನ್ನು ಆರಿಸಿಕೊಂಡಿದ್ದರೋ ಆ ಉದ್ದೇಶಕ್ಕೇ ಅದು ತಕ್ಕುದಾಗಿರಲಿಲ್ಲ. ಅದರಲ್ಲಿಯೂ ಎಇಎಸ್ ಇತ್ತೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಇದೇ ಬಗೆಯ ಭ್ರಾಂತಿ ಝಿಪ್ ಕಡತಗಳಲ್ಲಿಯೂ ಉಂಟು. ಒಂದೇ ಝಿಪ್ ಎಂಬ ಹೆಸರಿನ ಅಡಿಯಲ್ಲಿ ೧೯೯೪ರಲ್ಲಿಯೇ ಬಿಹಾಮ್ ಮತ್ತು ಕಾಚರ್ ಭೇದಿಸಿ ತೋರಿಸಿದ ಹಳೆಯ ಕ್ರಮವೂ ಇದೆ, ಎಇಎಸ್ ಕ್ರಮವೂ ಇದೆ. ಪಾಸ್‌ವರ್ಡ್ ಕೇಳುವ ಕಿಟಕಿ ಮಾತ್ರ ಎರಡಕ್ಕೂ ಒಂದೇ.

ಎನ್‌ಸಿಎಫ್‌ಎಸ್‌ನ ಪಾಠವನ್ನು ಕಲಿತು ಹುಟ್ಟಿದ ಪೀಳಿಗೆಯಲ್ಲಿ ಗೋಕ್ರಿಪ್ಟ್‌ಎಫ್‌ಎಸ್, ಕ್ರೈಎಫ್‌ಎಸ್, ಕ್ರಿಪ್ಟೊಮೇಟರ್ ಮುಖ್ಯವಾದುವು. ಜರ್ಮನಿಯಲ್ಲಿ ರೂಪುಗೊಂಡು ೨೦೧೬ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಕ್ರಿಪ್ಟೊಮೇಟರ್ ಕಡತದ ಒಡಲನ್ನಲ್ಲದೆ ಹೆಸರನ್ನೂ ಮುಚ್ಚುತ್ತದೆ, ಒಳಕೋಶಗಳ ಅಡಕವನ್ನೂ ಮರೆಮಾಡುತ್ತದೆ. ಯಾರಾದರೂ ನಡುವೆ ಕೈಹಾಕಿ ಗೂಢಲಿಪಿಯನ್ನು ತಿದ್ದಿದರೆ ಅದನ್ನು ಕಂಡುಹಿಡಿಯುತ್ತದೆ. ಸೋರ್ಸ್ ಕೋಡ್ ಬಹಿರಂಗ; ೨೦೧೭ರಲ್ಲಿ ಕ್ಯೂರ್ ಫಿಫ್ಟಿತ್ರೀ ಎಂಬ ಸಂಸ್ಥೆಯಿಂದ ಪರಿಶೋಧನೆಯೂ ನಡೆದಿದೆ. ಆದರೆ ಎಷ್ಟು ಕಡತಗಳಿವೆ, ಅವು ಹೆಚ್ಚು ಕಡಮೆ ಎಷ್ಟು ದೊಡ್ಡವು, ಯಾವಾಗ ಬದಲಾದುವು ಎಂಬುದು ಹೊರಗಿನವರಿಗೆ ಕಾಣುತ್ತದೆ. ಗಾತ್ರವನ್ನೂ ಮರೆಮಾಡಬೇಕೆಂಬುವರು ಕ್ರೈಎಫ್‌ಎಸ್‌ನ ಕಡೆಗೆ ಹೋಗಬೇಕು. ಅದು ಎಲ್ಲವನ್ನೂ ಸಮಗಾತ್ರದ ತುಣುಕುಗಳಾಗಿ ಕತ್ತರಿಸುತ್ತದೆ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆ, ಅದೇ ಜರ್ಮನಿಯ ಆಗ್ಸ್‌ಬರ್ಗಿನ ಬಾಕ್ಸ್‌ಕ್ರಿಪ್ಟರ್. ೨೦೧೧ರಲ್ಲಿ ಹೊರಬಂದ ಈ ತಂತ್ರಾಂಶ ಕ್ಲೌಡಿಗೆಂದೇ ಸಿದ್ಧವಾದುದು, ಬಳಸಲು ಸುಲಭವಾದುದು. ಪರಿಣತರಲ್ಲದವರಿಗೆ ಹಲವರು ಇದನ್ನೇ ಸೂಚಿಸುತ್ತಿದ್ದರು. ೨೦೨೨ರ ನವೆಂಬರಿನಲ್ಲಿ ಡ್ರಾಪ್‌ಬಾಕ್ಸ್ ಅದರ ಮುಖ್ಯ ಸ್ವತ್ತುಗಳನ್ನು ಕೊಂಡುಕೊಂಡಿತು. ಹೊಸ ಖಾತೆಗಳು ನಿಂತುವು. ಇದ್ದವರು ತಮ್ಮ ಕಡತಗಳನ್ನು ಬಿಡಿಸಿಕೊಂಡು ಬೇರೆಡೆಗೆ ಹೋಗಬೇಕಾಯಿತು. ಯಾವ ಗೂಢಲಿಪಿಯೂ ಭೇದಿತವಾಗಲಿಲ್ಲ, ಯಾವ ದೋಷವೂ ಪತ್ತೆಯಾಗಲಿಲ್ಲ. ಅಂಗಡಿ ಕೈಬದಲಾಯಿತು, ಅಷ್ಟೆ. ವ್ಯಾಪಾರಿಯ ದೃಷ್ಟಿಯಲ್ಲಿ ಇದು ಸಹಜವಾದ ವ್ಯವಹಾರ. ಮೂವತ್ತು ವರ್ಷ ಕಾಯಬೇಕಾದ ದಾಖಲೆಯನ್ನು ಹನ್ನೊಂದು ವರ್ಷದ ಆಯುಸ್ಸಿನ ಸಾಧನಕ್ಕೆ ಒಪ್ಪಿಸಿದವನ ದೃಷ್ಟಿಯಲ್ಲಿ ಅದು ಬೇರೆಯೇ.

ಸಂಗ್ರಹದ ಸ್ಥಳವನ್ನೂ ಗೂಢಲಿಪಿಯನ್ನೂ ಒಂದೇ ಸಂಸ್ಥೆಯಿಂದ ಪಡೆಯುವ ಮೂರನೆಯ ದಾರಿಯೊಂದಿದೆ. ಕೀಲಿಕೈ ನಿಮ್ಮಲ್ಲಿಯೇ ಇರುತ್ತದೆ, ನಮಗೇನೂ ತಿಳಿಯದು ಎಂದು ಈ ಸಂಸ್ಥೆಗಳು ಹೇಳುತ್ತವೆ. ೨೦೧೩ರಲ್ಲಿ ಆರಂಭವಾದ ಮೆಗಾ ಇವುಗಳಲ್ಲಿ ಬಹು ದೊಡ್ಡದು. ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಮಾಟಿಲ್ಡಾ ಬಾಕೆಂಡಾಲ್, ಮೀರೊ ಹಾಲರ್, ಕೆನೆತ್ ಪ್ಯಾಟರ್‌ಸನ್ ಎಂಬ ಮೂವರು ೨೦೨೨ರಲ್ಲಿ ಅದನ್ನು ಪರೀಕ್ಷಿಸಿ, ಬಳಕೆದಾರನು ೫೧೨ ಬಾರಿ ಲಾಗಿನ್ ಆಗುವಷ್ಟರಲ್ಲಿ ಸರ್ವರಿನ ಒಡೆಯನು ಅವನ ಖಾಸಗಿ ಕೀಲಿಕೈಯನ್ನು ಹೊರತೆಗೆಯಬಹುದೆಂದು ತೋರಿಸಿದರು. ಅದೇ ವಿಶ್ವವಿದ್ಯಾಲಯದ ಯೋನಾಸ್ ಹಾಫ್‌ಮನ್ ಮತ್ತು ಕಿಯೆನ್ ತುಆಂಗ್ ತ್ರುಆಂಗ್ ೨೦೨೪ರಲ್ಲಿ ಸಿಂಕ್, ಪಿಕ್ಲೌಡ್, ಐಸ್‌ಡ್ರೈವ್, ಸೀಫೈಲ್, ಟ್ರೆಸೊರಿಟ್ ಎಂಬ ಐದು ಸೇವೆಗಳನ್ನು ಪರೀಕ್ಷಿಸಿದಾಗ ಮೊದಲ ನಾಲ್ಕರಲ್ಲಿ ಗಂಭೀರ ದೋಷಗಳು ಕಂಡುವು; ಟ್ರೆಸೊರಿಟಿನ ಸ್ಥಿತಿ ಉತ್ತಮವಾಗಿತ್ತು. ಈ ದೋಷಗಳ ಉಪಯೋಗ ಪಡೆಯಲು ಸರ್ವರ್ ಶತ್ರುವಿನ ವಶದಲ್ಲಿರಬೇಕು ಎಂಬುದು ನಿಜ. ಆದರೆ ಸರ್ವರನ್ನು ನಂಬಬೇಕಾಗಿಲ್ಲವೆಂಬ ಆಶ್ವಾಸನೆಯ ಮೇಲೆಯೇ ಈ ಸೇವೆಗಳು ಮಾರಾಟವಾಗುತ್ತಿದ್ದುವಲ್ಲವೆ? ಸ್ಥಳವನ್ನು ಒಬ್ಬರಿಂದಲೂ ಬೀಗವನ್ನು ಇನ್ನೊಬ್ಬರಿಂದಲೂ ಕೊಳ್ಳುವುದು ಲೇಸೆಂದು ಈ ಲೇಖಕನ ಅಭಿಪ್ರಾಯ. ತೊಡಕು ತುಸು ಹೆಚ್ಚಾದರೂ ಒಬ್ಬನ ತಪ್ಪು ಇಬ್ಬರದೂ ಆಗುವುದಿಲ್ಲ.

ರಾಜ್ಯಾಧಿಕಾರದ ಮಾತು ಉಳಿಯಿತು. ಆಪಲ್ ಸಂಸ್ಥೆಯು ಐಕ್ಲೌಡಿನ ಬಹುಪಾಲು ಕಡತಗಳ ಕೀಲಿಕೈಯನ್ನು ಬಳಕೆದಾರನಿಗೇ ಬಿಟ್ಟುಕೊಡುವ ಏರ್ಪಾಡನ್ನು ೨೦೨೨ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದನ್ನು ಭೇದಿಸುವ ದಾರಿ ಮಾಡಿಕೊಡಬೇಕೆಂದು ಬ್ರಿಟಿಷ್ ಸರಕಾರವು ೨೦೧೬ರ ಕಾಯಿದೆಯೊಂದರ ಬಲದಿಂದ ಗುಪ್ತ ಆದೇಶ ಕೊಟ್ಟಿದೆಯೆಂಬ ವರದಿ ೨೦೨೫ರ ಫೆಬ್ರವರಿಯಲ್ಲಿ ಬಂದು, ಅದೇ ತಿಂಗಳು ೨೧ರಂದು ಆಪಲ್ ಆ ಏರ್ಪಾಡನ್ನು ಬ್ರಿಟನ್ನಿನ ಹೊಸ ಬಳಕೆದಾರರಿಗ��� ನಿಲ್ಲಿಸಿತು. ನಮ್ಮ ದೇಶದಲ್ಲಿ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ನೆಯ ಪ್ರಕರಣವು ಗೂಢಲಿಪಿಯನ್ನು ಬಿಡಿಸಿಕೊಡುವಂತೆ ಆದೇಶಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ೨೦೧೫ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಗೂಢಲಿಪಿ ನೀತಿಯ ಕರಡು, ಗೂಢಲಿಪಿಯಲ್ಲಿ ಕಳುಹಿಸಿದುದರ ಸಾದಾ ಪ್ರತಿಯನ್ನು ಸಾಮಾನ್ಯ ಪ್ರಜೆಯೂ ೯೦ ದಿನ ಕಾದಿಡಬೇಕೆಂದು ಸೂಚಿಸಿ, ಟೀಕೆಯ ಬಿರುಗಾಳಿಗೆ ಸಿಕ್ಕಿ ಆ ತಿಂಗಳು ೨೨ರಂದೇ ಹಿಂತೆಗೆಯಲ್ಪಟ್ಟಿತು. ಬೀಗ ಹಾಕಿದ ಪೆಟ್ಟಿಗೆಯ ಪಕ್ಕದಲ್ಲಿ ಬೀಗವಿಲ್ಲದ ಪೆಟ್ಟಿಗೆಯನ್ನೂ ಇಡಬೇಕೆಂಬ ಈ ಯೋಚನೆ ಯಾರಿಗೆ ಹೊಳೆಯಿತೋ ತಿಳಿಯದು. ಏನೇ ಇರಲಿ, ಕೀಲಿಕೈ ನಮ್ಮಲ್ಲಿದ್ದರೆ ಆಜ್ಞೆಯು ನಮಗೆ ತಿಳಿಯದಂತೆ ದೂರದ ಸಂಸ್ಥೆಗೆ ಹೋಗುವ ಬದಲು ನಮ್ಮ ಬಾಗಿಲಿಗೇ ಬರುತ್ತದೆ. ನ್ಯಾಯಾಲಯದ ಮುಂದೆ ನಿಂತು ಹೇಳಬೇಕಾದುದನ್ನು ಹೇಳಲು ಅವಕಾಶವಿರುತ್ತದೆ. ಬಾಸ್ಟನ್ನಿನ ಪ್ರಸಂಗವನ್ನು ಬಲ್ಲವರು ಗೂಢಲಿಪಿಯಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ಮಾತಾಡುವವರಿಗೆ ಭರವಸೆ ಕೊಡುವಾಗಲೂ ಇದಕ್ಕಿಂತ ಹೆಚ್ಚಿನದನ್ನು ಹೇಳಬಾರದು.

ಕೀಲಿಕೈಯನ್ನು ನಮ್ಮಲ್ಲಿಯೇ ಇರಿಸಿಕೊಳ್ಳುವುದಕ್ಕೆ ತೆರಬೇಕಾದ ಬೆಲೆಯೂ ಉಂಟು. ಪಾಸ್‌ವರ್ಡನ್ನು ಮರೆತರೆ, ಬಲ್ಲವನು ಕಾಲವಾದರೆ, ಆ ದಾಖಲೆ ಸುಟ್ಟುಹೋದಂತೆಯೇ. ದೇವಾಲಯದ ಭಂಡಾರಕ್ಕೆ ಎರಡು ಮೂರು ಬೀಗಗಳನ್ನು ಹಾಕಿ ಕೈಗಳನ್ನು ಬೇರೆ ಬೇರೆಯವರಲ್ಲಿಡುವ ಪದ್ಧತಿ ನಮಗೆ ಪರಿಚಿತವಾದುದು. ಆದರೆ ಅಲ್ಲಿ ಒಬ್ಬನ ಕೈ ಕಳೆದರೂ ಭಂಡಾರ ತೆರೆಯದು. ಆದಿ ಷಮೀರ್ ೧೯೭೯ರಲ್ಲಿ ಪ್ರಕಟಿಸಿದ ಗಣಿತಕ್ರಮವು ಈ ಕೊರತೆಯನ್ನು ನೀಗಿದೆ. ರಹಸ್ಯವನ್ನು ಐದು ಭಾಗಗಳಾಗಿ ಹಂಚಿ, ಯಾವ ಮೂರು ಸೇರಿದರೂ ತೆರೆಯುವಂತೆ, ಎರಡರಿಂದ ಏನೊಂದೂ ತಿಳಿಯದಂತೆ ಮಾಡಬಹುದು. ಅಷ್ಟು ದೂರ ಹೋಗಲಾರದ ವಿಭಾಗಗಳು ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಅರಗು ಹಾಕಿ, ಕಛೇರಿಯ ಕಬ್ಬಿಣದ ಬೀರುವಿನಲ್ಲಿ ಇರಿಸಿದರೂ ಸಾಕು. ದಿನನಿತ್ಯ ಬದಲಾಗುವ ಕಡತಗಳಿಗೆ ಕ್ರಿಪ್ಟೊಮೇಟರಿನಂತಹ ಸಾಧನವೂ, ಮುಗಿದು ಕಟ್ಟಿಟ್ಟ ಸಂಗ್ರಹಕ್ಕೆ ಗ್ನೂಪಿಜಿ ಅಥವಾ ೨೦೨೧ರಲ್ಲಿ ಪೂರ್ಣಗೊಂಡ ಏಜ್ ಎಂಬ ಸಣ್ಣ ಸಾಧನವೂ ತಕ್ಕುವು. ಕ್ರಮದ ವಿವರಣೆ ಪ್ರಕಟವಾಗಿರುವುದರಿಂದ ಕರ್ತೃಗಳು ಕೈಬಿಟ್ಟರೂ ಇನ್ನೊಬ್ಬರು ತೆರೆಯುವ ಸಾಧನವನ್ನು ಬರೆಯಬಲ್ಲರು. ಸಾಧನದ ಒಂದು ಪ್ರತಿಯನ್ನೂ ಗೂಢಲಿಪಿಯ ಪಕ್ಕದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ವರ್ಷಕ್ಕೊಮ್ಮೆ, ಗ್ರಂಥಾಲಯದ ಎಣಿಕೆಯ ಕಾಲದಲ್ಲಿ, ಒಂದೆರಡು ಕಡತಗಳನ್ನು ನಿಜವಾಗಿಯೂ ತೆರೆದು ನೋಡಬೇಕು.

ಈ ಕೊನೆಯ ಸೂಚನೆ ವ್ಯರ್ಥವಲ್ಲವೆಂಬುದಕ್ಕೆ ಟ್ರೂಕ್ರಿಪ್ಟಿನ ಕಥೆಯ ಬಾಲವೇ ಸಾಕ್ಷಿ. ಹಳೆಯ ಟ್ರೂಕ್ರಿಪ್ಟ್ ಪೆಟ್ಟಿಗೆಗಳನ್ನು ತೆರೆಯುವ ಅನುಕೂಲವನ್ನು ವೆರಾಕ್ರಿಪ್ಟ್ ಬಹುಕಾಲ ಉಳಿಸಿಕೊಂಡಿದ್ದು, ೨೦೨೩ರಲ್ಲಿ ಹೊರಬಂದ ೧.೨೬ರ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿತು. ೨೦೧೨ರಲ್ಲಿ ಮುಚ್ಚಿಟ್ಟ ಪೆಟ್ಟಿಗೆಯೊಂದು ಯಾರಲ್ಲಿಯಾದರೂ ಇದ್ದರೆ, ಪಾಸ್‌ವರ್ಡ್ ನೆನಪಿದ್ದರೂ ಇಂದಿನ ತಂತ್ರಾಂಶ ಅದನ್ನು ತೆರೆಯದು. ಅವರು ೧.೨೫.೯ರ ಆವೃತ್ತಿಯನ್ನು ಹುಡುಕಿ ತಂದು, ಅದರಿಂದ ತೆರೆದು, ಒಳಗಿನ ಕಡತಗಳನ್ನು ಹೊಸ ಪೆಟ್ಟಿಗೆಗೆ ಸಾಗಿಸಿಕೊಳ್ಳಬೇಕಾಗುತ್ತದೆ.